ನೀರಣ್ಣನಿಗೆ ಯಂಕಣ್ಣನ ಜವಾಬು

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಥೆಯ ಕೊನೆಗೆ ತಪ್ಪು ಒಪ್ಪಿಕೊಂಡು ಕಣ್ಣು ಒರೆಸಿಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕುರ್ಡಿಯ ಸೇಂದಿ ಅಂಗಡಿಯ ಯಂಕಣ್ಣನನ್ನು ಇಡೀ ಜಿಲ್ಲೆಯ ಮುಂದೆ ನಗೆಪಾಟಲು ಮಾಡಿದ ಕಾಗದ ಬರೆದವನು ನಾನು, ಮೌನಪ್ಪ ಮಾಸ್ತರ. ಒಳ್ಳೆಯ ಮನಸ್ಸಿನಿಂದಲೇ ಬರೆದೆ. ನನ್ನನ್ನು ಹೆಚ್ಚು ಸಲ ಹಳ್ಳಕ್ಕೆ ಕೆಡವಿದ್ದು ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸಗಳೇ.

ಎಪ್ಪತ್ತೈದನೇ ಇಸವಿಯಲ್ಲಿ ನಮ್ಮೂರಿಗೆ ಟಿವಿ ಬಂತು. ರಾಯಚೂರು ಪೇಟೆಯ ಸಾಹುಕಾರರ ಮನೆಗಳಲ್ಲೇ ಇಲ್ಲದ ಟಿವಿ, ಮಾನ್ವಿ ತಾಲೂಕಿನ ಕುರ್ಡಿಗೆ! ಉಪಗ್ರಹದಿಂದ ನೇರವಾಗಿ ಹಳ್ಳಿಗೆ ಎಂದು ಸರ್ಕಾರದ್ದೊಂದು ಪ್ರಯೋಗ, ಒಂದು ವರ್ಷದ ಮಟ್ಟಿಗೆ. ಕೋಳಿಗೂಡಿಗೆ ಹೊಡೆಯುವಂಥ ಜಾಲರಿಯಿಂದ ಮಾಡಿದ ದೊಡ್ಡ ಛತ್ರಿಯೊಂದನ್ನು ಆಕಾಶಕ್ಕೆ ಮುಖ ಮಾಡಿ ಶಾಲೆಯ ಪಕ್ಕ ಕೂರಿಸಿದರು. ಕಟ್ಟಿಗೆಯ ಪೆಟ್ಟಿಗೆಯೊಳಗೆ ಟಿವಿ, ಪೆಟ್ಟಿಗೆಗೆ ಬೀಗ, ಬೀಗದ ಕೈ ನನ್ನ ಹತ್ತಿರ. ದಿನಾ ಸಂಜೆ ಊರಿಗೆ ಊರೇ ಶಾಲೆಯ ಅಂಗಳದಲ್ಲಿ ಸೇರುತ್ತಿತ್ತು. ಯಾರು ಮುಂದೆ ಕೂರಬೇಕು, ಯಾರು ದೂರ ನಿಲ್ಲಬೇಕು ಎಂಬ ಹಳೆಯ ಏರ್ಪಾಡನ್ನು ಮೊದಲ ದಿನವೇ ಒಂದಿಬ್ಬರು ಅಲ್ಲಿಯೂ ನಡೆಸಲು ನೋಡಿದರು. ನಾನು ಟಿವಿ ಆರಿಸಿ, ಪೆಟ್ಟಿಗೆಗೆ ಬೀಗ ಹಾಕಿ, ಕುರ್ಚಿಯ ಮೇಲೆ ಕಾಲು ಚಾಚಿ ಕೂತೆ. ಐದು ನಿಮಿಷದಲ್ಲಿ ಎಲ್ಲರೂ ಸಿಕ್ಕ ಸಿಕ್ಕಲ್ಲಿ ಕೂತರು. ನಮ್ಮ ಕೇರಿಯವನೊಬ್ಬ ಮಾಸ್ತರನಾದದ್ದಕ್ಕೆ ಅಷ್ಟಾದರೂ ಪ್ರಯೋಜನ ಬೇಡವೇ?

ಯಂಕಣ್ಣ ಮಾತ್ರ ಟಿವಿ ನೋಡಲು ಬರುತ್ತಿರಲಿಲ್ಲ. ಟಿವಿ ಹಚ್ಚುವ ಹೊತ್ತೇ ಸೇಂದಿ ಅಂಗಡಿ ತುಂಬುವ ಹೊತ್ತು. ಊರ ಹೊರಗೆ ಈಚಲ ಬನದ ಬದಿಗೆ ಒಂದು ಚಪ್ಪರ, ಅದರಡಿ ಸಾಲಾಗಿ ಗಡಿಗೆಗಳು, ಕೂರಲು ನಾಲ್ಕು ಕಲ್ಲು, ಅಷ್ಟೇ ಅಂಗಡಿ. ಗುತ್ತಿಗೆ ಹಿಡಿದವನು ಮಾನ್ವಿಯ ಸೂಗಪ್ಪ ಸಾಹುಕಾರ. ಸುರಿಯುವವನು ಯಂಕಣ್ಣ, ಇಪ್ಪತ್ತಾರು ವರ್ಷದಿಂದ. ಎಡ ಹೆಗಲ ಮೇಲೆ ಕೆಂಪಂಚಿನ ಟವೆಲು, ಯಾರೇ ಬರಲಿ ಒಂದೇ ಮಾತು: "ಕುಂದ್ರು. ಮಾರಿ ತೋರ್ಸು."

ಆ ಮಾತಿನಲ್ಲೇ ಅವನ ಕಸುಬೆಲ್ಲ ಇತ್ತು. ತಂಬಿಗೆ ಎತ್ತಿ ಸುರಿಯುವಾಗ ಅವನು ಗಿಲಾಸನ್ನು ನೋಡುತ್ತಲೇ ಇರಲಿಲ್ಲ, ಕುಡಿಯುವವನ ಮುಖ ನೋಡುತ್ತಿದ್ದ. ಗಿಲಾಸು ತುಂಬುವುದು ಕೈಗೆ ತಿಳಿಯುತ್ತದೆ, ಮನುಷ್ಯ ತುಂಬುವುದು ಕಣ್ಣಿಗೇ ತಿಳಿಯಬೇಕು ಎನ್ನುತ್ತಿದ್ದ. ಇವನಿಗೆ ಸಾಕು ಅನಿಸಿದ ಕೂಡಲೇ ಗಿಲಾಸು ತೊಳೆದು ಅವನ ಮುಂದೆ ಬೋರಲು ಹಾಕುವನು. ಹಾಕಿದ ಮೇಲೆ ಮುಗಿಯಿತು. ಗೌಡರ ತಮ್ಮನಾಗಲಿ, ಫೌಜುದಾರನಾಗಲಿ, ಅವತ್ತಿಗೆ ಇನ್ನೊಂದು ಹನಿ ಇಲ್ಲ. ಹೀಗಾಗಿ ಊರಿನ ಹೆಂಗಸರು ಸೇಂದಿಯನ್ನು ಬೈದರೂ ಯಂಕಣ್ಣನನ್ನು ಬೈಯುತ್ತಿರಲಿಲ್ಲ. ಅವರ ಗಂಡಂದಿರು ತಮ್ಮ ಕಾಲ ಮೇಲೆ ತಾವೇ ನಡೆದು ಮನೆಗೆ ಬರುತ್ತಿದ್ದರು.

ನಾನು ಕುಡಿಯುವವನಲ್ಲ. ಆದರೆ ನಮ್ಮಪ್ಪ ಕುಡಿಯುತ್ತಿದ್ದ. ಚಹಾದಂಗಡಿಯವರೂ ನಮ್ಮವರಿಗೆಂದು ಬೇರೆ ಕಪ್ಪು ಇಟ್ಟಿದ್ದ ಆ ಕಾಲದಲ್ಲಿ ನಮ್ಮಪ್ಪನಿಗೆ ಬೇರೆ ಗಿಲಾಸು ಇಡದ ಜಾಗ ಊರಲ್ಲಿ ಅದೊಂದೇ ಆಗಿತ್ತು. ಯಾರೋ ಅದಕ್ಕೆ ತಕರಾರು ತೆಗೆದಾಗ ಯಂಕಣ್ಣ ತಕರಾರು ತೆಗೆದವನ ಗಿಲಾಸನ್ನೇ ಬೋರಲು ಹಾಕಿದನಂತೆ. ಇದನ್ನು ನಮ್ಮಪ್ಪ ಸಾಯುವ ತನಕ ಹೇಳಿಕೊಂಡು ನಗುತ್ತಿದ್ದ.

ಅದಕ್ಕೇ ನಾನು ಕಾಗದ ಬರೆದದ್ದು. ಹಳ್ಳಿಯ ವಿಶೇಷ ವ್ಯಕ್ತಿಗಳ ಬಗ್ಗೆ ಬರೆದು ಕಳಿಸಿ ಎಂದು ಟಿವಿಯಲ್ಲಿ ಹೇಳಿದರು. ನಾನು ನಾಲ್ಕು ಪುಟ ಬರೆದೆ. ಟವೆಲು ಬರೆದೆ, ಚಪ್ಪರ ಬರೆದೆ, "ಕುಂದ್ರು, ಮಾರಿ ತೋರ್ಸು" ಎಂಬುದನ್ನು ಹಾಗೆ ಹಾಗೇ ಬರೆದೆ. ಎಂಟು ವಾರ ಸುದ್ದಿಯಿಲ್ಲ. ಕಸದ ಬುಟ್ಟಿಗೆ ಹೋಗಿರಬೇಕು ಅಂದುಕೊಂಡೆ. ಹೋಗಿದ್ದರೆ ಎಷ್ಟು ಚೆನ್ನಾಗಿತ್ತು!

ಮರುವರ್ಷ ಏಪ್ರಿಲ್ ತಿಂಗಳ ಒಂದು ಮಂಗಳವಾರ ಹೊಸ ನಗೆನಾಟಕ ಶುರುವಾಯಿತು. ಮೊದಲು ಹಾಡು:

"ನೀರಣ್ಣಾ ನೀರಣ್ಣಾ, ಬಾವಿ ಎಲ್ಲದಣ್ಣಾ?
ಸೇಂದಿ ಗಡಿಗಿ ಒಳಗ ಅದ, ಇಣಿಕಿ ನೋಡಣ್ಣಾ!"

ಹಾಡು ಮುಗಿದು ಪರದೆಯ ಮೇಲೆ ಒಂದು ಚಪ್ಪರ ಬಂತು. ಚಪ್ಪರದಡಿ ಹೊಟ್ಟೆ ಬಿಟ್ಟುಕೊಂಡ ಒಬ್ಬ ಮನುಷ್ಯ, ಎಡ ಹೆಗಲ ಮೇಲೆ ಅಂಚಿನ ಟವೆಲು. ಬಾಯಿ ತೆರೆದವನೇ "ಕುಂದ್ರು, ಮಾರಿ ತೋರ್ಸು" ಅಂದ. ಆಮೇಲೆ ಆ ಮನುಷ್ಯ ಅತ್ತ ಇತ್ತ ನೋಡಿ, ಬೆನ್ನ ಹಿಂದಿನಿಂದ ಕೊಡ ತೆಗೆದು, ಸೇಂದಿಯ ಗಡಿಗೆಗೆ ದಬದಬ ನೀರು ಸುರಿದ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಯಂಕಣ್ಣಲೇ! ನಮ್ಮ ಯಂಕಣ್ಣ!" ನೀರಣ್ಣ ಎಂಬ ಆ ಸೇಂದಿಯವನು ಗಿರಾಕಿಗೆ ಮೋಸ ಮಾಡಿ, ಬೀಳುವ ತನಕ ಕುಡಿಸಿ, ಬಿದ್ದವನ ಮೇಲೆ ಕಾಲಿಟ್ಟು ದಾಟಿ ಹೋಗುವುದರೊಂದಿಗೆ ನಾಟಕ ಮುಗಿಯಿತು. ಕುಡಿಯಬೇಡಿ ಎಂದು ಒಬ್ಬಾಕೆ ಬಂದು ಬುದ್ಧಿ ಹೇಳಿದಳು.

ಪ್ರತಿ ಮಂಗಳವಾರವೂ ನೀರಣ್ಣ ಬರತೊಡಗಿದ. ಹಾಡು ಕುರ್ಡಿಯ ಕೂಸುಗಳ ಬಾಯಿಗೂ ಹತ್ತಿತು. ಯಂಕಣ್ಣ ಬೀದಿಗೆ ಬಂದರೆ ಸಾಕು, ಗೋಡೆಯ ಹಿಂದಿನಿಂದ "ಬಾವಿ ಎಲ್ಲದಣ್ಣಾ?" ಸಂತೆಗೆ ಹೋದ ಅವನ ಹೆಂಡತಿ ಹಣಮಮ್ಮನಿಗೆ ಕವಿತಾಳದ ಬದನೆಕಾಯಿಯವಳು "ನೀರಣ್ಣನ ಹೆಣ್ತಿ ಅಲ್ಲೇನಬೇ ನೀ?" ಎಂದು ಕೇಳಿದಳಂತೆ. ಹಣಮಮ್ಮ ಬದನೆಕಾಯಿ ಬುಟ್ಟಿಯನ್ನೇ ಒದ್ದು ಬಂದಳು. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ನನ್ನ ಸಿಟ್ಟು ನೆತ್ತಿಗೇರಿದ್ದು ಕುಡಿಯುವವರ ಮೇಲೆ. ಇಪ್ಪತ್ತಾರು ವರ್ಷ ಆ ಕೈಯಿಂದ ಕುಡಿದವರು, ಹುಳಿ ಯಾವುದು ಸಿಹಿ ಯಾವುದು ಎಂದು ನಾಲಿಗೆ ತುದಿಯಲ್ಲೇ ಹೇಳುವವರು, ಈಗ ಗಿಲಾಸನ್ನು ಬಿಸಿಲಿಗೆ ಹಿಡಿದು ನೋಡತೊಡಗಿದರು. ತಮ್ಮ ನಾಲಿಗೆಗಿಂತ ಅವರಿಗೆ ಕಟ್ಟಿಗೆಯ ಪೆಟ್ಟಿಗೆಯ ಮಾತೇ ಖರೆಯಾಯಿತು. ಮೊದಲು ಇಬ್ಬರು, ಆಮೇಲೆ ಹತ್ತು ಮಂದಿ ಕವಿತಾಳದ ಅಂಗಡಿಯ ದಾರಿ ಹಿಡಿದರು. ಮಂಗಳವಾರವಂತೂ ಯಂಕಣ್ಣನ ಚಪ್ಪರದಡಿ ಒಬ್ಬನೂ ಇಲ್ಲ.

ಸೂಗಪ್ಪ ಸಾಹುಕಾರ ಮಾನ್ವಿಯಿಂದ ಬಂದು ಹೇಳಿಯೇ ಬಿಟ್ಟ. "ನೀ ನೀರು ಹಾಕಂಗಿಲ್ಲ ಅಂತ ನನಗ ಗೊತ್ತದ ಯಂಕಣ್ಣ. ಮಂದಿ ನಂಬವಲ್ಲರು. ಜುಲೈ ಒಂದಕ್ಕ ಹೊಸಾ ಗುತ್ತಿಗಿ ಶುರು ಆಗ್ತದ, ಆವಾಗ ಸಿರವಾರದಿಂದ ಬ್ಯಾರೆ ಮನಿಷ್ಯಾನ್ನ ತಂದು ಕುಂದ್ರಿಸ್ತೀನಿ. ಸಿಟ್ಟಾಗಬ್ಯಾಡ."

ಯಂಕಣ್ಣ ಸಿಟ್ಟಾಗಲಿಲ್ಲ. ಅದೇ ಹೆಚ್ಚು ಹೆದರಿಕೆಯಾಗುವಂತಿತ್ತು. ಮರುದಿನ ಬೆಳಿಗ್ಗೆ ನಾನು ಅಂಗಡಿಗೆ ಹೋದೆ. ಗಿಲಾಸುಗಳನ್ನು ಬೂದಿ ಹಚ್ಚಿ ತಿಕ್ಕುತ್ತಾ ಕೂತಿದ್ದ. ನಾನು ನಿಂತಲ್ಲೇ ಎಲ್ಲ ಹೇಳಿಬಿಟ್ಟೆ: ಕಾಗದ ನನ್ನದು, ಟವೆಲಿನ ಮಾತು ನನ್ನದು, ಎಲ್ಲ ನನ್ನಿಂದಲೇ ಆದದ್ದು.

ಅವನು ತಿಕ್ಕುವುದನ್ನು ನಿಲ್ಲಿಸಿದ. "ಕುಂದರ್ರಿ ಮಾಸ್ತರ. ಮಾರಿ ತೋರ್ಸ್ರಿ." ನಾನು ಕಲ್ಲಿನ ಮೇಲೆ ಕೂತೆ. ಬಹಳ ಹೊತ್ತು ನನ್ನ ಮುಖವನ್ನೇ ನೋಡಿದ. "ಕಾಗದದಾಗ ನಾ ನೀರು ಹಾಕ್ತೀನಂತ ಬರದಿದ್ರೇನು?"

"ಇಲ್ಲ ಕಾಕಾ, ದೇವರಾಣೆ ಇಲ್ಲ."

"ಹಂಗಾದ್ರ ನೀರು ಹಾಕಿದವರು ಅವರು. ನನ್ನ ಸೇಂದಿಗಲ್ಲ, ನಿಮ್ಮ ಕಾಗದಕ್ಕ." ಮತ್ತೆ ಗಿಲಾಸು ಕೈಗೆತ್ತಿಕೊಂಡ. "ನೀವ್ಯಾಕ ಅಳಾಕತ್ತೀರಿ? ಮಂಗಳವಾರ ಯಾವಾಗ ಬರ್ತಾನ ಅವ, ಅದನ್ನ ಹೇಳ್ರಿ."

ಆ ಮಂಗಳವಾರ ಯಂಕಣ್ಣ ಶಾಲೆಯ ಅಂಗಳಕ್ಕೆ ಬಂದ. ತೊಳೆದ ಧೋತರ, ಹೆಗಲ ಮೇಲೆ ಅದೇ ಟವೆಲು. ಮಂದಿಯಲ್ಲಿ ಪಿಸುಪಿಸು ಎದ್ದಿತು. ಅವನು ಯಾರ ಕಡೆಗೂ ನೋಡದೆ ನೇರ ಟಿವಿಯ ಪಕ್ಕ ಹೋಗಿ, ಮಂದಿಗೆ ಮುಖ ಮಾಡಿ ನಿಂತ. ಹಾಡು ಬಂತು, ನೀರಣ್ಣ ಬಂದ, ಗಿರಾಕಿ ಬಂದ.

"ಕುಂದ್ರು, ಮಾರಿ ತೋರ್ಸು!" ಅಂದ ಟಿವಿಯ ನೀರಣ್ಣ, ಮತ್ತು ಬಗ್ಗಿ ಗಿಲಾಸನ್ನೇ ನೋಡುತ್ತಾ ಸುರಿಯತೊಡಗಿದ.

"ಲೇ!" ಎಂದು ಯಂಕಣ್ಣ ಟಿವಿಯ ಕಡೆ ತಿರುಗಿದ. "ಮಾರಿ ತೋರ್ಸು ಅಂದಿ, ಗಿಲಾಸ ನೋಡಾಕತ್ತೀದಿ. ಅವನ ಮಾರಿ ಗಿಲಾಸದಾಗ ಬಿದ್ದದೇನಲೇ?"

ಯಾರೋ ಕಿಸಕ್ಕೆಂದರು. ನೀರಣ್ಣ ಗಿಲಾಸಿನ ಅಂಚಿನ ತನಕ ತುಂಬಿದ, ಚೆಲ್ಲಿತು.

"ಸೇಂದಿ ಹಾಕಾಕತ್ತೀದೋ, ಎತ್ತಿಗೆ ನೀರು ಕುಡಸಾಕತ್ತೀದೋ? ನೊರಿಗೆ ಜಾಗ ಎಲ್ಲದ? ಇಪ್ಪತ್ತು ದಿನ ನನ್ನ ಕೈಯಾಗ ಗಿಲಾಸ ತೊಳಿ, ಆಮ್ಯಾಲೆ ತಂಬಿಗಿ ಮುಟ್ಟುವಂತಿ."

ಹೆಂಗಸರ ಕಡೆಯಿಂದ ನಗು ಎದ್ದಿತು. ಟಿವಿಯಲ್ಲಿ ನೀರಣ್ಣ ಎದೆ ತಟ್ಟಿಕೊಂಡು, "ನನ್ನ ಸೇಂದಿ ಕುಡಿದವ ಮನಿ ದಾರಿ ಮರೀತಾನ!" ಎಂದು ಕೂಗಿದ.

ಯಂಕಣ್ಣ ಮಂದಿಯ ಕಡೆ ಎರಡೂ ಕೈ ಚಾಚಿದ. "ಕೇಳಿದ್ರೇನ್ರೆಪಾ? ಗಡಿಗ್ಯಾಗ ಬಾವಿ ಅದ ಅಂತ ಇವನೇ ಹಾಡ್ತಾನ. ಬಾವಿ ನೀರು ಕುಡಿದು ಮನಿ ದಾರಿ ಮರತವ ಕುರ್ಡ್ಯಾಗ ಯಾವಾನರ ಅದಾನೇನು? ಲೇ ನೀರಣ್ಣಾ, ನೀರು ಹಾಕಿದ್ರ ನಿಶಾ ಎಲ್ಲಿಂದ ಬಂತಲೇ? ನಿಶಾ ಬಂದ್ರ ನೀರು ಎಲ್ಲಿ ಹೋತಲೇ? ಒಂದು ಹೇಳು!"

ಆ ಕ್ಷಣಕ್ಕೆ ಸರಿಯಾಗಿ, ನಾಟಕದಲ್ಲಿ ಹೇಗೆ ಬರೆದಿದ್ದರೋ ಏನೋ, ನೀರಣ್ಣ ಮಾತು ನಿಲ್ಲಿಸಿ ತಲೆ ಕೆರೆದುಕೊಂಡ. ಮುದುಕಿ ತಿಮ್ಮವ್ವ ಎದ್ದು ನಿಂತಳು. "ಕೇಳಿಸ್ತವನಿಗೆ! ಯವ್ವಾ, ಕೇಳಿಸ್ತು! ಜವಾಬ ಇಲ್ಲ ನೋಡ್ರಿ ಹಾದರಗಿತ್ತಿ ಮಗನ ಹತ್ತಿರ!" ಅಂಗಳಕ್ಕೆ ಅಂಗಳವೇ ಎದ್ದು ಕೇಕೆ ಹಾಕಿತು. ಬುದ್ಧಿ ಹೇಳಲು ಬಂದಾಕೆಯ ಒಂದು ಮಾತೂ ಅಂದು ಯಾರ ಕಿವಿಗೂ ಬೀಳಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಮರುದಿನ ಶಾಲೆಯಲ್ಲಿ ಒಬ್ಬರಿಗೂ ಹೊಡೆಯಲಿಲ್ಲ.

ಮುಂದಿನ ಮಂಗಳವಾರ ಮಂದಿ ಬಂದದ್ದು ನೀರಣ್ಣನಿಗಾಗಿ ಅಲ್ಲ, ಯಂಕಣ್ಣನ ಜವಾಬಿಗಾಗಿ. ಅದರ ಮುಂದಿನ ವಾರ ಕವಿತಾಳದಿಂದ ಬಂಡಿಗಳು ಬಂದವು. ಸಿರವಾರದ ಕಡೆಯ ಅಕ್ಕಿ ಗಿರಣಿಯವರು ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದರು. ಬೀದಿಯಲ್ಲಿ ಹುಡುಗರ ಹಾಡು ಬದಲಾಯಿತು. ಈಗ ಅವರು "ನಿಶಾ ಎಲ್ಲಿಂದ ಬಂತಲೇ" ಎಂದು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಓಡುತ್ತಿದ್ದರು.

ಇಷ್ಟಾದರೂ ಸೂಗಪ್ಪ ಸಾಹುಕಾರ ಜಗ್ಗಲಿಲ್ಲ. ಒಂದು ವಾರ ತಾನೂ ಬಂದು, ಮಂದಿಯ ಜೊತೆ ನಕ್ಕು, ಕಣ್ಣು ಒರೆಸಿಕೊಂಡು ಹೇಳಿದ. "ಚಂದ ಆತು ಯಂಕಣ್ಣ. ಆದ್ರ ನೀ ಹೇಳಿದ್ದು ಕುರ್ಡ್ಯಾಗ ಕೇಳಿಸ್ತದ, ಟಿವಿ ಹೇಳಿದ್ದು ಜಿಲ್ಲಾ ತುಂಬ ಕೇಳಿಸ್ತದ. ನಕ್ಕವರೆಲ್ಲ ನಾಳಿ ಮತ್ತ ಕವಿತಾಳಕ್ಕ ಹೋಗಿ ಕುಡಿತಾರ. ಟಿವಿನ ತಿರುಗಿ ಹೇಳಿದ್ರ ಮಾತು ಬ್ಯಾರೆ. ಇಲ್ಲಂದ್ರ ಜುಲೈ ಒಂದು."

ಅಂದು ನಾನು ಎರಡನೇ ಕಾಗದ ಬರೆದೆ. ನಾಲ್ಕು ಪುಟವಲ್ಲ, ನಾಲ್ಕು ಸಾಲು. "ನನ್ನ ಮೊದಲ ಕಾಗದಕ್ಕೆ ನೀವು ನೀರು ಹಾಕಿದ್ದೀರಿ. ನೀರಿಲ್ಲದ ಯಂಕಣ್ಣ ಇಲ್ಲಿದ್ದಾನೆ. ನಿಮ್ಮ ನಾಟಕಕ್ಕಿಂತ ಇವನ ಜವಾಬು ಕೇಳಲು ಹೆಚ್ಚು ಮಂದಿ ಬರುತ್ತಾರೆ. ಧೈರ್ಯವಿದ್ದರೆ ಮಂಗಳವಾರ ಬಂದು ನೋಡಿ." ಅದು ಎಮರ್ಜೆನ್ಸಿಯ ವರ್ಷ, ಬಲ್ಲವರು ಬಲ್ಲರು. ಸರ್ಕಾರದವರಿಗೆ ಧೈರ್ಯವಿದ್ದರೆ ಬಾ ಎಂದು ಬರೆಯುವ ವರ್ಷವಾಗಿರಲಿಲ್ಲ.

ಆದರೆ ಜೂನ್ ಮೊದಲ ವಾರ ಜೀಪು ಬಂತು. ಮೈಸೂರು ಕಡೆಯ ಡೈರೆಕ್ಟರ್ ಸಾಹೇಬರು, ದಪ್ಪ ಕನ್ನಡಕ. ಹಿಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕೂತು ಪೂರ್ತಿ ನೋಡಿದರು. ಮೊದಲು ಮುಖ ಗಂಟಿಕ್ಕಿಕೊಂಡಿದ್ದರು. ತಮ್ಮ ನಾಟಕದ ಮೇಲೆ ಊರೆಲ್ಲ ಕೇಕೆ ಹಾಕಿದರೆ ಯಾರಿಗೆ ತಾನೆ ಹಿತ? ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡರು. "ಮೇಷ್ಟ್ರೇ, ಈ ಮನುಷ್ಯನ್ನ ರಾಯಚೂರಿಗೆ ಕರ್ಕೊಂಡು ಬನ್ನಿ. ಮುಂದಿನ ಕಂತು ಅಲ್ಲೇ ತೆಗೀತೀವಿ. ನೀರಣ್ಣ ಇವರ ಅಂಗಡಿಗೆ ಗಿರಾಕಿಯಾಗಿ ಬರ್ತಾನೆ, ಇವರೇ ಸುರೀತಾರೆ. ಹಾಂ, ಒಂದು ಗಡಿಗೆ ಸೇಂದಿ ತರೋಕೆ ಹೇಳಿ."

ಆ ಕೊನೆಯ ಮಾತಿನಿಂದಲೇ ಮುಂದಿನದೆಲ್ಲ ಆದದ್ದು.

ಗೊತ್ತಾದ ದಿನ ಬೆಳಿಗ್ಗೆ ಇಳಿಸಿದ ಸೇಂದಿಯ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಯಂಕಣ್ಣ ಬಸ್ಸು ಹತ್ತಿದ. ಬಸ್ಸು ಕುಣಿದಂತೆಲ್ಲ ಗಡಿಗೆಯ ಬಾಯಿಗೆ ಕಟ್ಟಿದ ಎಲೆಯ ಸಂದಿನಿಂದ ನೊರೆ ಉಕ್ಕುತ್ತಿತ್ತು. ಹಿಂದೆ ಮುಂದೆ ಕೂತವರೆಲ್ಲ ರಾಯಚೂರು ಬರುವ ತನಕ ಮೂಗು ಅರಳಿಸಿಕೊಂಡೇ ಇದ್ದರು. ಕೋಟೆಯ ಹತ್ತಿರದ ಒಂದು ಸಭಾಭವನದೊಳಗೆ ಚಪ್ಪರ ಹಾಕಿ, ಸುತ್ತ ದೀಪ ನಿಲ್ಲಿಸಿದ್ದರು. ಅಲ್ಲಿ ನೀರಣ್ಣನನ್ನು ಎದುರಿಗೆ ಕಂಡೆವು. ಹೆಸರು ಸಾಬಣ್ಣ, ದೇವದುರ್ಗದವನು, ನಾಟಕ ಕಂಪನಿಗಳಲ್ಲಿ ಹಾಸ್ಯ ಪಾತ್ರ ಮಾಡಿ ಹೆಸರಾದವನು. ಅವನು ಬಂದವನೇ ಯಂಕಣ್ಣನ ಕಾಲು ಮುಟ್ಟಿದ.

"ಯಪ್ಪಾ, ನನ್ನ ಮ್ಯಾಲೆ ಸಿಟ್ಟಾಗಬ್ಯಾಡ. ಬರದು ಕೊಟ್ಟಿದ್ದನ್ನ ಹೇಳ್ತೀನಿ, ನನ್ನ ಹೊಟ್ಟಿಪಾಡು. ದೇವದುರ್ಗದಾಗ ಈಗ ನನಗೂ ಯಾರೂ ಸೇಂದಿ ಹಾಕವಲ್ಲರು. ನೀರು ಹಾಕ್ಕೊಂಡು ಬಂದೀದೇನು ಅಂತ ನಗ್ತಾರ."

"ಹಾಕವಲ್ಲರು ಅಂದ್ರ ಎಷ್ಟು ದಿನ ಆತು?"

"ಎರಡು ತಿಂಗಳಾತು."

ಯಂಕಣ್ಣನ ಮುನಿಸು ಅಲ್ಲಿಯೇ ಅರ್ಧ ಇಳಿಯಿತು.

ನಾಟಕ ಹೀಗಿತ್ತು: ನೀರಣ್ಣ ಬರುತ್ತಾನೆ, ಯಂಕಣ್ಣನ ಜೊತೆ ಮಾತಿಗೆ ಮಾತು ಕೊಡುತ್ತಾನೆ, ಗಿಲಾಸಿನ ಮೇಲೆ ಗಿಲಾಸು ಕುಡಿಯುತ್ತಾನೆ, ಕೊನೆಗೆ ಕುಡಿದು ಬೀಳುತ್ತಾನೆ. ಅಲ್ಲಿಗೆ ಬುದ್ಧಿಮಾತು. ತೆಗೆಯತೊಡಗಿದರು. ಮೊದಲ ಸಲ ಒಂದು ದೀಪ ಆರಿತು. ಎರಡನೇ ಸಲ ಹೊರಗೆ ಲಾರಿ ಹಾರ್ನ್ ಹೊಡೆಯಿತು. ಮೂರನೇ ಸಲ ಸಾಬಣ್ಣ ಮಾತು ಮರೆತ. ನಾಲ್ಕನೆಯದು ಡೈರೆಕ್ಟರಿಗೆ ಸೇರಲಿಲ್ಲ. ಪ್ರತಿ ಸಲವೂ ಮೊದಲಿನಿಂದ, ಪ್ರತಿ ಸಲವೂ ಸಾಬಣ್ಣ ಎರಡೆರಡು ಗಿಲಾಸು ಕುಡಿದ, ಒಮ್ಮೆಯೂ ಬೇಸರ ಮಾಡಿಕೊಳ್ಳದೆ. ಇಷ್ಟು ಸಹನೆಯ ಕಲಾವಿದನನ್ನು ನೋಡಿಲ್ಲ ಎಂದು ಡೈರೆಕ್ಟರು ಹೊಗಳಿದರು ಕೂಡ.

ಐದನೇ ಸಲ. ಸಾಬಣ್ಣ ಬಂದು ಕೂತ. ಯಂಕಣ್ಣ ತಂಬಿಗೆ ಎತ್ತಿ ಅವನ ಮುಖ ನೋಡಿದ. ತಂಬಿಗೆ ಕೆಳಗಿಟ್ಟ. ಗಿಲಾಸು ತೊಳೆದು, ಟವೆಲಿನಿಂದ ಒರೆಸಿ, ಅವನ ಮುಂದೆ ಬೋರಲು ಹಾಕಿದ.

"ಕಟ್! ಏನ್ರೀ ಅದು? ಸುರೀರಿ!" ಎಂದು ಡೈರೆಕ್ಟರು ಕೂಗಿದರು.

"ಇವನಿಗೆ ಸಾಕ್ರೀ ಸಾಹೇಬ್ರ."

"ಅಯ್ಯೋ, ಅದು ಆಕ್ಟಿಂಗು ಕಣ್ರೀ! ಅವರು ಕುಡಿದ ಹಾಗೆ ಆಕ್ಟ್ ಮಾಡ್ತಿದ್ದಾರೆ, ಅಷ್ಟೆ."

"ಬಾಯಿ ಆಕ್ಟಿಂಗ್ ಮಾಡಾಕತ್ತದ್ರಿ. ಕಣ್ಣು ಮಾಡಾಕತ್ತಿಲ್ಲ."

ಡೈರೆಕ್ಟರಿಗೆ ಈಗ ಅನುಮಾನ ಬಂತು. ಎದ್ದು ಬಂದು ಗಡಿಗೆಗೆ ಮೂಗು ಹಿಡಿದರು. "ಇದು... ಇದು ನಿಜವಾದ ಸೇಂದಿ! ನಾಟಕಕ್ಕೆ ಯಾರಾದ್ರೂ ನಿಜವಾದ್ದು ತರ್ತಾರೇನ್ರೀ? ಮಜ್ಜಿಗೆ ನೀರೋ ಏನೋ ತರ್ತೀರಿ ಅಂದುಕೊಂಡಿದ್ದೆ!"

ಯಂಕಣ್ಣನ ಮುಖ ಕೆಂಪಾಯಿತು. ಅವನ ಸಿಟ್ಟನ್ನು ನಾನು ನೋಡಿದ್ದು ಅದೊಂದೇ ಸಲ. "ನೀವು ಸೇಂದಿ ತಾ ಅಂದ್ರಿ, ಸೇಂದಿ ತಂದೀನಿ. ಸೇಂದಿ ಅಂತ ಹೇಳಿ ಬ್ಯಾರೆ ಏನರ ಹಾಕಿದ್ರ ನಾ ನಿಮ್ಮ ನೀರಣ್ಣನ ಆದೆ ಅಲ್ರೀ? ಅದನ್ನ ಅಲ್ಲ ಅನ್ನಾಕ ಅಲ್ಲೇನ್ರಿ ನಾ ಇಷ್ಟು ದೂರ ಬಂದಿದ್ದು?"

ನನಗಂತೂ ಚಪ್ಪಾಳೆ ಹೊಡೆಯಬೇಕು ಅನಿಸಿತು. ಅಷ್ಟರಲ್ಲಿ ಕಲ್ಲಿನ ಮೇಲೆ ಕೂತಿದ್ದ ಸಾಬಣ್ಣ ಬೋರಲು ಬಿದ್ದ ಗಿಲಾಸನ್ನು ನೋಡುತ್ತಾ ಗೊಳೋ ಎಂದ. ಎರಡು ತಿಂಗಳ ಉಪವಾಸದ ಮೇಲೆ ಎಂಟು ಗಿಲಾಸು ಬಿದ್ದಿತ್ತು; ಈಗ ತಾನು ಸಾಬಣ್ಣನೋ ನೀರಣ್ಣನೋ ಅವನಿಗೇ ಗೊತ್ತಿರಲಿಲ್ಲ.

"ಹಾಕಲೇ ಯಂಕಣ್ಣಾ! ನಾನೂ ಸೇಂದಿಯವ, ನೀನೂ ಸೇಂದಿಯವ. ನನಗ ಇಲ್ಲಂತೀ?"

"ಇಲ್ಲ. ಏಳು, ಮನಿಗೆ ನಡಿ."

"ನನ್ನ ಅಂಗಡ್ಯಾಗ ನಾ ಯಾರಿಗರ ಇಲ್ಲ ಅಂದೀನೇನು? ಬಿದ್ದವನಿಗೂ ಹಾಕ್ತೀನಿ, ಎದ್ದವನಿಗೂ ಹಾಕ್ತೀನಿ!"

"ಅದಕ್ಕ ನಿನ್ನ ಗಿರಾಕಿ ಗಟಾರದಾಗ ಇರ್ತಾನ. ನನ್ನ ಗಿರಾಕಿ ನಾಳಿ ಮತ್ತ ಇಲ್ಲೇ ಬಂದು ಕುಂದ್ರತಾನ."

ಸಾಬಣ್ಣ ಎದ್ದು ನಿಂತು, ಓಲಾಡಿ, ಯಂಕಣ್ಣನ ಹೆಗಲು ಹಿಡಿದುಕೊಂಡ. ಮೂಗು ಒರೆಸಿಕೊಂಡು ಸುತ್ತಲಿನವರಿಗೆಲ್ಲ ಕೂಗಿ ಹೇಳಿದ. "ಕೇಳ್ರಿ! ನಾ ನೀರು ಹಾಕಿ, ಯಾರಿಗೂ ಇಲ್ಲ ಅನ್ನಂಗಿಲ್ಲ. ಇವ ಒಂದು ಹನಿ ನೀರು ಹಾಕಂಗಿಲ್ಲ, ಮತ್ತ ಇಲ್ಲಂತಾನ! ಯಾರ ಹೆಚ್ಚಿನವರು? ಹೇಳ್ರಿ! ಇವನ ಹೆಚ್ಚಿನವ. ನಾ ಸುಳ್ಳು, ನನ್ನ ಹಾಡೂ ಸುಳ್ಳು!" ಎಂದು ಹೇಳಿ ಯಂಕಣ್ಣನ ಎದೆಗೆ ತಲೆಯಿಟ್ಟು ಅತ್ತ. ಯಂಕಣ್ಣ ಅವನನ್ನು ಮೆಲ್ಲಗೆ ನಡೆಸಿಕೊಂಡು ದೀಪಗಳ ಆಚೆ ಕರೆದೊಯ್ದ.

ಡೈರೆಕ್ಟರು ಮೆಲ್ಲಗೆ ಕ್ಯಾಮೆರಾದವನ ಕಡೆ ತಿರುಗಿದರು. "ಓಡ್ತಿತ್ತಾ?"

"ನೀವು ಕಟ್ ಅಂದಾಗ ನಿಲ್ಸೋದು ಮರೆತೆ ಸಾರ್," ಅಂದ ಅವನು ಹೆದರಿಕೊಂಡು.

ಡೈರೆಕ್ಟರು ಅವನ ಬೆನ್ನು ತಟ್ಟಿದರು. ಬುದ್ಧಿ ಹೇಳುವ ಆಕೆಯ ಮಾತು ಈ ಸಲ ಬೇಡ ಎಂದು ಅಲ್ಲಿಯೇ ಹೊಡೆದು ಹಾಕಿದರು. ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟೆಲ್ಲ ಅವತ್ತು ಕರಗಿತು.

ಜೂನ್ ಕೊನೆಯ ಮಂಗಳವಾರ. ಹಿಂದಿನ ದಿನದಿಂದಲೇ ಊರಿಗೆ ಮಂದಿ ಬರತೊಡಗಿದ್ದರು. ಅಂಗಳದಲ್ಲಿ ಕಾಲಿಡಲು ಜಾಗವಿಲ್ಲ, ಗೋಡೆಯ ಮೇಲೆ ಮಂದಿ, ಬೇವಿನ ಮರದ ಮೇಲೆ ಮಂದಿ. ಸೂಗಪ್ಪ ಸಾಹುಕಾರ ಮೊದಲ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಹಣಮಮ್ಮ ಮದುವೆಯ ಸೀರೆ ಉಟ್ಟು ಬಂದಿದ್ದಳು. ಯಂಕಣ್ಣ ಟಿವಿಯ ಪಕ್ಕಕ್ಕೆ ಹೋಗದೆ ಮಂದಿಯ ನಡುವೆ ತಿಮ್ಮವ್ವನ ಹತ್ತಿರ ಕೂತ. ನಾನು ಪೆಟ್ಟಿಗೆಯ ಬೀಗ ತೆಗೆದೆ. ಜುಲೈ ಒಂದಕ್ಕೆ ಉಳಿದದ್ದು ಎರಡೇ ದಿನ.

ಪರದೆಯ ಮೇಲೆ ಚಪ್ಪರ, ಚಪ್ಪರದಡಿ ನಮ್ಮ ಯಂಕಣ್ಣ. "ಕುಂದ್ರು. ಮಾರಿ ತೋರ್ಸು." ತಂಬಿಗೆ ಎತ್ತಿ, ಕಣ್ಣು ಗಿರಾಕಿಯ ಮುಖದ ಮೇಲಿಟ್ಟು, ಒಂದು ಹನಿ ಚೆಲ್ಲದೆ, ನೊರೆಗೆ ಎರಡು ಬೆರಳು ಜಾಗ ಬಿಟ್ಟು ಸುರಿದ. ಕವಿತಾಳದ ಅಂಗಡಿಗೆ ಹೋಗುತ್ತಿದ್ದವರು ತಲೆ ತಗ್ಗಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಗಿಲಾಸು ಬೋರಲು ಬಿದ್ದಾಗ ಮೊದಲು ಚಪ್ಪಾಳೆ ಹೊಡೆದವರು ಹೆಂಗಸರು. ಆಮೇಲೆ ನೀರಣ್ಣ ಎದ್ದು ನಿಂತು, ಇಡೀ ಜಿಲ್ಲೆಗೆ ಕೇಳುವಂತೆ, "ಇವ ಒಂದು ಹನಿ ನೀರು ಹಾಕಂಗಿಲ್ಲ! ನಾ ಸುಳ್ಳು, ನನ್ನ ಹಾಡೂ ಸುಳ್ಳು!" ಅಂದ. ಸೂಗಪ್ಪ ಸಾಹುಕಾರ ತೊಡೆ ಬಡಿದುಕೊಂಡು ನನ್ನ ಕಡೆ ತಿರುಗಿದ. "ಮಾಸ್ತರ, ಟಿವಿ ತಿರುಗಿ ಹೇಳಿತಲ್ರೀ! ಸಿರವಾರದವನಿಗೆ ಬರಬ್ಯಾಡ ಅಂತ ನಾಳಿ ಹೇಳಿ ಕಳಸ್ತೀನಿ. ನಾ ಇರೋತನಕ ಅಂಗಡಿ ಯಂಕಣ್ಣಂದು." ಅಲ್ಲಿದ್ದ ಇನ್ನೂರು ಮಂದಿಗೆ ಅದು ಕೇಳಿಸಿತು, ನಾನೇ ಕೇಳಿಸುವಂತೆ ಮತ್ತೊಮ್ಮೆ ಹೇಳಿಸಿದೆ.

ಪರದೆಯ ಮೇಲೆ ನೀರಣ್ಣ ಇನ್ನೂ ಯಂಕಣ್ಣನ ಎದೆಗೆ ಆತು ಅಳುತ್ತಿದ್ದ. ಮಂದಿಯೆಲ್ಲ ಅಭ್ಯಾಸದಂತೆ ಕುತ್ತಿಗೆ ತಿರುಗಿಸಿ, ನಡುವೆ ಕೂತ ಯಂಕಣ್ಣನ ಕಡೆ ನೋಡಿತು. ಎಲ್ಲರೂ ಕಾಯುತ್ತಿದ್ದರು. ಅವನು ಟವೆಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಸುಮ್ಮನೆ ಕೂತಿದ್ದ, ಕಣ್ಣಿಂದ ನೀರು ಇಳಿಯುತ್ತಿತ್ತು.

ತಿಮ್ಮವ್ವನಿಗೆ ತಡೆಯಲಾಗಲಿಲ್ಲ. ಮೊಣಕೈಯಿಂದ ತಿವಿದಳು. "ಏಳಲೇ ಯಂಕಣ್ಣ, ಜವಾಬ ಕೊಡು ಅವನಿಗೆ! ಇಷ್ಟು ಮಂದಿ ಬಂದದ, ಯಾಕ ಸುಮ್ಮ ಕುಂತೀದಿ?"

"ಏನ ಕೊಡ್ಲಿ ಯವ್ವಾ?" ಅಂದ ಯಂಕಣ್ಣ. "ಇವತ್ತ ಅವ ಖರೇನ ಹೇಳಾಕತ್ತಾನ."